ಗೋವಾ ತರಹದ ಆಟ ಕೊಡಗಿನಲ್ಲಿ ಏನಿದೆ?

"ಪ್ರತಿ ವರ್ಷ ಗೋವಾಕ್ಕೆ ಹೋಗ್ತೀವಿ. ಪ್ಯಾರಾಸೇಲಿಂಗ್, ಜೆಟ್ ಸ್ಕೀ ಅಂದ್ರೆ ಮಕ್ಕಳಿಗೆ ಪ್ರಾಣ. ಈ ಸಲ ಕೊಡಗು ಅಂದ್ಕೊಂಡಿದ್ದೀವಿ, ಅಲ್ಲಿ ಬೋರ್ ಆಗಲ್ವಾ?" ಅಂತ ಕೇಳಿದ್ದೀರಿ. ಯಾವ ತಿಂಗಳು ಬರ್ತೀರಿ ಅಂತ ಮಾತ್ರ ಬರೆದಿಲ್ಲ. ನಮ್ಮೂರಲ್ಲಿ ಎಲ್ಲಾ ನಿಂತಿರೋದು ಅದರ ಮೇಲೆ. ಗೋವಾದಲ್ಲಿ ಜೂನ್ ಬಂತೆಂದರೆ ಸಮುದ್ರದ ಆಟ ಬಂದ್. ಇಲ್ಲಿ ಉಲ್ಟಾ, ಮಳೆ ಹಿಡಿದ ಮೇಲೇ ನೀರಾಟ ಶುರು.

ಮಕ್ಕಳು ದೊಡ್ಡವರಾಗಿದ್ದರೆ ದಕ್ಷಿಣ ಕೊಡಗಿನ ಬರಪೊಳೆ ಅನ್ನೋ ಹೊಳೆಗೆ ರಾಫ್ಟಿಂಗ್‌ಗೆ, ಅಂದರೆ ರಬ್ಬರ್ ದೋಣಿ ಸವಾರಿಗೆ ಕರೆದುಕೊಂಡು ಹೋಗಿ. ಚಿಕ್ಕವರನ್ನು ಅಲ್ಲಿ ರಾಫ್ಟ್ ಹತ್ತಿಸುವುದಿಲ್ಲ. ಜೀಪಿನಲ್ಲಿ ಕಾಫಿ ತೋಟದೊಳಗೆ ಕುಲುಕಾಡಿಕೊಂಡು ಹೋಗಿ ಹೊಳೆಗೆ ಇಳಿಯಬೇಕು. ರಾಫ್ಟ್‌ನ ಅಂಚಿನ ಮೇಲೆ ಕೂತು, ಪಾದವನ್ನು ಒಳಗಿನ ಟ್ಯೂಬಿನ ಸಂದಿಗೆ ತುರುಕಿಕೊಳ್ಳುತ್ತೀರಿ. ಹಿಡಿದುಕೊಳ್ಳೋಕೆ ಕೈ ಖಾಲಿ ಇರಲ್ಲ, ಎರಡೂ ಕೈಲಿ ಹುಟ್ಟು ಇರುತ್ತಲ್ಲ! ಗೈಡ್ "ಡೌನ್" ಅಂದ ತಕ್ಷಣ ಎಲ್ಲರೂ ಒಳಗೆ ಕುಸಿದು ಕೂರಬೇಕು. ನಾನು ಮೊದಲ ಸಲ ಬುದ್ಧಿ ಇಲ್ಲದೆ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಎರಡನೇ ಇಳಿತದಲ್ಲೇ ಒಂದು ಕಾಲಿನದು ಹೋಯಿತು. ಬರಪೊಳೆ ನಮ್ಮ ಕಾವೇರಿ ಹಾಗೆ ಪೂರ್ವಕ್ಕೆ ಹರಿಯಲ್ಲ, ಕೇರಳಕ್ಕೆ ಇಳಿದು ವಳಪಟ್ಟಣಂ ಹೊಳೆ ಸೇರುತ್ತೆ. ಅಂದರೆ ಆ ಚಪ್ಪಲಿ ಈಗ ಅರಬ್ಬಿ ಸಮುದ್ರ ನೋಡಿರಬೇಕು. ನೀವು ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಹಾಕ್ಕೊಳ್ಳಿ.

ಕುಶಾಲನಗರದ ಹತ್ತಿರ ದುಬಾರೆಯಲ್ಲೂ ರಾಫ್ಟಿಂಗ್ ಇದೆ, ಅದು ಸೌಮ್ಯ. ಆನೆ ಕ್ಯಾಂಪ್ ಜೊತೆಗೆ ಸೇರಿಸಿಕೊಳ್ಳಬಹುದು. ಆದರೆ ಬೇಸಿಗೆಯಲ್ಲಿ ಕಾವೇರಿ ಬಂಡೆ ತೋರಿಸುತ್ತಾಳೆ, ಆಗ ಸುಮ್ನೆ ದುಡ್ಡು ದಂಡ. ಇನ್ನೊಂದು ಮಾತು: ಜಲಪಾತದ ಬುಡದಲ್ಲಿ, ಹೊಳೆಯ ಗುಂಡಿಯಲ್ಲಿ ಈಜೋಕೆ ಇಳಿಯಬೇಡಿ. ಮೇಲೆ ನೀರು ಶಾಂತವಾಗಿ ಕಾಣುತ್ತೆ, ಕೆಳಗೆ ಸುಳಿ, ಪಾಚಿ ಕಟ್ಟಿದ ಬಂಡೆ. ಬೀಚಿನ ಹಾಗೆ ಇಲ್ಲಿ ಲೈಫ್‌ಗಾರ್ಡ್ ಇರಲ್ಲ.

ಜುಲೈ, ಆಗಸ್ಟ್‌ನಲ್ಲಿ ಬಂದರೆ ಕೆಸರುಗದ್ದೆ ಕ್ರೀಡಾಕೂಟ ಎಲ್ಲಿದೆ ಅಂತ ಹೋಂಸ್ಟೇಯವರನ್ನು ಕೇಳಿ. ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ. ಮೊಣಕಾಲು ಮುಳುಗೋ ಕೆಸರು. ಮಕ್ಕಳು ಜೆಟ್ ಸ್ಕೀ ಮರೆಯದಿದ್ದರೆ ನನ್ನನ್ನು ಕೇಳಿ!

ಏಪ್ರಿಲ್‌ನಲ್ಲಿ ಬರೋದಾದರೆ ನನ್ನ ಮೊದಲ ಆಯ್ಕೆ ಕೊಡವ ಕೌಟುಂಬಿಕ ಹಾಕಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬದ ತಂಡಗಳಿಂದ ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿ ಗಿನ್ನೆಸ್ ದಾಖಲೆ ಆಯಿತು. ಪ್ರತಿ ವರ್ಷ ಬೇರೆ ಕುಟುಂಬದ ಆತಿಥ್ಯ. ಒಂದೇ ಮನೆತನದ ಅಪ್ಪ, ಮಗಳು, ಸೊಸೆ, ತಾತ ಒಂದೇ ಟೀಮ್. ನಾನು ನೋಡಿದ ಒಂದು ಮ್ಯಾಚ್‌ನಲ್ಲಿ ನರೆಗೂದಲಿನ ಒಬ್ಬರು ಚೆಂಡು ಹಿಡಿದು ಓಡಿದರು, ಎದುರು ಟೀಮಿನ ಹುಡುಗ ಅಡ್ಡ ಹೋಗಲೋ ಬೇಡವೋ ಅಂತ ಒಂದು ಕ್ಷಣ ತಡೆದ. ಅಷ್ಟರಲ್ಲಿ ಗೋಲ್. ಗ್ಯಾಲರಿ ಪೂರ್ತಿ ಎದ್ದು ನಿಂತಿತು, ಹುಡುಗನೂ ನಗುತ್ತಿದ್ದ.

ನವೆಂಬರ್‌ನಿಂದ ಫೆಬ್ರವರಿ ಬೆಟ್ಟದ ಕಾಲ. 1748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತಬಹುದು, ಕಕ್ಕಬ್ಬೆ ಕಡೆಯ ನಾಲ್ಕುನಾಡು ಅರಮನೆ ಹತ್ತಿರದಿಂದ ದಾರಿ. ಅರಣ್ಯ ಇಲಾಖೆ ಬುಕಿಂಗ್ ಮೊದಲೇ ಮಾಡಿಸಿ. ಮಾಂದಲ್‌ಪಟ್ಟಿ ಬೆಟ್ಟದ ಜೀಪ್ ಸವಾರಿ ಎಲ್ಲರೂ ಹೇಳ್ತಾರೆ. ಬೆನ್ನು ಗಟ್ಟಿ ಇದ್ದರೆ ಹೋಗಿ.

ಇಷ್ಟಾದರೂ ಮಕ್ಕಳು ಸಮುದ್ರ ಸಮುದ್ರ ಅಂದರೆ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಿ, ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಆರಾಮಾಗಿ ತಲುಪಬಹುದು. ಅಲ್ಲಿಂದ ತಲಶ್ಶೇರಿ ದಾರಿಯಲ್ಲಿ ಮುಳಪ್ಪಿಲಂಗಾಡ್ ಬೀಚ್, ಮರಳಿನ ಮೇಲೆ ಸುಮಾರು 4 ಕಿ.ಮೀ. ನಿಮ್ಮ ಕಾರನ್ನೇ ಓಡಿಸಬಹುದು. ಮಳೆಗಾಲದಲ್ಲಿ ಮಾತ್ರ ಘಾಟಿಯಲ್ಲಿ ಮರ, ಗುಡ್ಡ ಬೀಳುತ್ತಿರುತ್ತೆ. ಘಾಟಿ ಇಳಿಯುವ ಮುಂಚೆ ಪೆರುಂಬಾಡಿ ಚೆಕ್‌ಪೋಸ್ಟ್‌ನಲ್ಲಿ ದಾರಿ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.