ಪಂಚಾಯತು ಪ್ರಶ್ನೋತ್ತರ: ಮಿನಿಟ್ಸಿನಲ್ಲಿ ಏನು ಬರೆದಿದೆ?

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಓದುಗರಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ರಸ್ತೆ, ಜನನ ಪ್ರಮಾಣಪತ್ರ ಮತ್ತು ಕನ್ನಡದ ಅರ್ಜಿಗಳಿಗೆ ಸಂಬಂಧಿಸಿದವು. ಒಂದೇ ವಿಷಯದ ಪತ್ರಗಳನ್ನು ಕೂಡಿಸಿ ಒಂದು ಪ್ರಶ್ನೆಯಾಗಿ ಕೊಟ್ಟಿದ್ದೇನೆ. ಕಚೇರಿಯ ಮೇಲೆ ದೂರು ಹೇಳಿದವರ ಹೆಸರನ್ನೂ ಊರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ಕಳೆದ ಗ್ರಾಮಸಭೆಯಲ್ಲಿ ನಮ್ಮ ಕಡೆಯ ರಸ್ತೆಗೆ ಕಾಂಕ್ರೀಟು ಹಾಕಬೇಕೆಂದು ಸೇರಿದವರೆಲ್ಲ ಒಕ್ಕೊರಲಿನಿಂದ ಹೇಳಿದ್ದೆವು. ವಾರ್ಡಿನ ಮೆಂಬರರೂ ‘ಈ ಸಲ ನಿಮ್ಮದೇ ಮೊದಲು’ ಎಂದು ಮಾತು ಕೊಟ್ಟಿದ್ದರು. ಯೋಜನೆಯ ಪಟ್ಟಿ ಹೊರಬಂದಾಗ ನಮ್ಮ ರಸ್ತೆ ಅದರಲ್ಲಿ ಇರಲಿಲ್ಲ. ಗ್ರಾಮಸಭೆಯ ತೀರ್ಮಾನವನ್ನು ಪಂಚಾಯತು ಹೀಗೆ ಬದಿಗಿರಿಸಬಹುದೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತುಕೊಂಡಿವೆ. ಮನೆ, ಹಸು, ಬಾವಿ ಮುಂತಾದ ವೈಯಕ್ತಿಕ ಸವಲತ್ತುಗಳ ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆ ಯಾವ ಆದ್ಯತಾ ಕ್ರಮದಲ್ಲಿ ಅಂಗೀಕರಿಸಿದೆಯೋ ಆ ಕ್ರಮವನ್ನು ಹಿಂದುಮುಂದು ಮಾಡುವ ಅಧಿಕಾರ 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಂತೆ ಪಂಚಾಯತಿಗೆ ಇಲ್ಲ. ರಸ್ತೆಯ ವಿಷಯ ಹಾಗಲ್ಲ. ಅಲ್ಲಿ ಗ್ರಾಮಸಭೆ ಸಲಹೆ ಕೊಡುತ್ತದೆ, ಪಂಚಾಯತು ಅದನ್ನು ಪರಿಗಣಿಸಬೇಕು. ಆದರೆ ಎಲ್ಲ ವಾರ್ಡುಗಳ ಬೇಡಿಕೆಗಳೂ ವಿಷಯವಾರು ಯೋಜನೆ ತಯಾರಿಸುವ ವರ್ಕಿಂಗ್ ಗ್ರೂಪಿನಲ್ಲಿ, ಬಳಿಕ ಅಭಿವೃದ್ಧಿ ಸೆಮಿನಾರಿನಲ್ಲಿ ಚರ್ಚೆಯಾಗಿ, ಕೈಯಲ್ಲಿರುವ ಹಣಕ್ಕೆ ತಕ್ಕಂತೆ ಸೋಸಿಕೊಂಡು ಆಡಳಿತ ಸಮಿತಿಯ ಮುಂದೆ ಬರುತ್ತವೆ. ಸಮಿತಿ ಒಪ್ಪಿದ ಯೋಜನೆಗೆ ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರವೂ ಬೇಕು. 1996ರಲ್ಲಿ, ಊರಿನ ಯೋಜನೆಯನ್ನು ಊರಿನವರೇ ಸೇರಿ ರೂಪಿಸುವ ಜನಕೀಯ ಯೋಜನೆ ಆರಂಭವಾದಾಗಿನಿಂದ ದಾರಿ ಹೆಚ್ಚುಕಡಿಮೆ ಇದೇ. ಈ ದಾರಿಯಲ್ಲಿ ನಿಮ್ಮ ರಸ್ತೆ ಎಲ್ಲಿ ಬಿದ್ದುಹೋಯಿತು ಎಂಬುದನ್ನು ಮೊದಲು ಹುಡುಕಬೇಕು.

ಮೊದಲು ನೋಡಬೇಕಾದದ್ದು ಗ್ರಾಮಸಭೆಯ ಮಿನಿಟ್ಸ್, ಅಂದರೆ ಸಭೆಯ ನಡಾವಳಿಯ ಬರಹ. ನೀವು ಐವತ್ತು ಮಂದಿ ಎದ್ದುನಿಂತು ಹೇಳಿದ್ದು ಅದರಲ್ಲಿ ‘ವಾರ್ಡಿನ ರಸ್ತೆಗಳನ್ನು ಅಭಿವೃದ್ಧಿಪಡಿಸಬೇಕೆಂಬ ಬೇಡಿಕೆ ಬಂತು’ ಎಂಬ ಒಂದೇ ಸಾಲಾಗಿ ಕುಳಿತಿರುವುದು ಅಪರೂಪವೇನಲ್ಲ. ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮೀಟರ್ ಎಂಬುದು ಬರೆದಿಲ್ಲವಾದರೆ ವರ್ಕಿಂಗ್ ಗ್ರೂಪಿನ ಮೇಜಿಗೆ ನಿಮ್ಮ ರಸ್ತೆ ಹೋಗಿಯೇ ಇಲ್ಲವೆಂದು ತಿಳಿಯಿರಿ. ಮೆಂಬರರು ಕೊಟ್ಟ ಮಾತಿಗೆ ಊರಿನಲ್ಲಿ ಬೆಲೆಯಿರಬಹುದು, ಫೈಲಿನಲ್ಲಿ ಇಲ್ಲ.

ಎರಡನೆಯದಾಗಿ ಆಸ್ತಿ ರಿಜಿಸ್ಟರು. ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇಲ್ಲದ ರಸ್ತೆಗೆ ಪಂಚಾಯತಿನ ಹಣ ಹಾಕಲು ಬರುವುದಿಲ್ಲ. ನಮ್ಮ ಕಡೆಯ ಒಳದಾರಿಗಳಲ್ಲಿ ಹೆಚ್ಚಿನವು ಅಡಿಕೆ ತೋಟದ ಅಂಚಿನಲ್ಲಿ ಯಾರೋ ಹಿರಿಯರು ಬಿಟ್ಟುಕೊಟ್ಟ ಜಾಗದಲ್ಲಿ ತಾವಾಗಿಯೇ ಆದವು. ಆ ಹಿರಿಯರ ಮಕ್ಕಳು ಸಮ್ಮತಿಪತ್ರ ಕೊಟ್ಟು ಜಾಗ ಪಂಚಾಯತಿಗೆ ಸೇರಿದ ಮೇಲಷ್ಟೇ ಅದು ರಿಜಿಸ್ಟರಿಗೆ ಏರುತ್ತದೆ. ನಾನು ಕೆಲಸದಲ್ಲಿದ್ದಾಗ ಒಂದು ರಸ್ತೆಯ ಜನ ಮೂರು ವರ್ಷ ಕಚೇರಿಗೆ ಅಲೆದರು. ಪ್ರತಿ ಸಲವೂ ಅವರಿಗೆ ‘ರಿಜಿಸ್ಟರಿನಲ್ಲಿ ಇಲ್ಲ’ ಎಂಬ ಉತ್ತರವೇ ಸಿಗುತ್ತಿತ್ತು. ಕೊನೆಗೊಂದು ದಿನ ರಿಜಿಸ್ಟರನ್ನೇ ಮೇಜಿನ ಮೇಲಿಟ್ಟು ಪುಟ ಪುಟ ತಿರುವಿದಾಗ, ಜನ ‘ಗುಡ್ಡೆ’ ಎನ್ನುವ ಜಾಗ ಅದರಲ್ಲಿ ‘ಕುನ್ನ್’ ಎಂದು ಮಲಯಾಳವಾಗಿ ಕುಳಿತಿತ್ತು. ಉದ್ದ 410 ಮೀಟರ್ ಎಂದು ಬರೆದು, ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ ಪ್ರಶ್ನೆಯ ಚಿಹ್ನೆ ಹಾಕಿದ್ದರು. ಆ ಚಿಹ್ನೆ ಹಾಕಿದವರು ವರ್ಗವಾಗಿ ಹೋಗಿ ಎಷ್ಟೋ ಕಾಲವಾಗಿತ್ತು. ಆದ್ದರಿಂದ ರಸ್ತೆಯ ಹೆಸರನ್ನು ಮಾತ್ರ ಕೇಳಬೇಡಿ, ಅದರ ಎರಡು ತುದಿಗಳನ್ನು ಹೇಳಿ ಕೇಳಿ.

ಈ ಎರಡೂ ದಾಖಲೆಗಳ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿಯ ಅರ್ಜಿಯಲ್ಲಿ ಪಡೆಯಬಹುದು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಕೇಂದ್ರದ ಕಾಯಿದೆ ಬರುವುದಕ್ಕೆ ಮೊದಲೇ, 1999ರ ತಿದ್ದುಪಡಿಯಲ್ಲಿ, ಕೇರಳದ ಪಂಚಾಯತ್ ಕಾಯಿದೆಗೆ ಮಾಹಿತಿ ಹಕ್ಕಿನ ಅಧ್ಯಾಯವೊಂದು ಸೇರಿತ್ತು. ಇಷ್ಟು ಹಳೆಯ ಹಕ್ಕನ್ನು ಬಳಸಲು ನಮ್ಮವರು ಇಂದಿಗೂ ಏಕೆ ಸಂಕೋಚಪಡುತ್ತಾರೋ ನನಗೆ ಅರ್ಥವಾಗಿಲ್ಲ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಗ್ರಾಮಸಭೆ ಸೇರುವುದೇ ಕಡಿಮೆ. ಸೇರಿದರೂ ಇಪ್ಪತ್ತು ಮೂವತ್ತು ಮಂದಿ. ಆಮೇಲೆ ಸಹಿಯ ಪುಸ್ತಕ ಮನೆಮನೆಗೆ ಬರುತ್ತದೆ. ಸಭೆ ಸೇರಿಸಬೇಕೆಂದು ನಾವೇ ಕೇಳಬಹುದೆ?

ಉತ್ತರ: ಕೇಳಬಹುದು. ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಗ್ರಾಮಸಭೆಯ ಸದಸ್ಯರೇ. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಕರೆಯುವ ಹೊಣೆ ವಾರ್ಡಿನ ಸದಸ್ಯರದು, ಅಧ್ಯಕ್ಷತೆ ಪಂಚಾಯತು ಅಧ್ಯಕ್ಷರದು. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಮತದಾರರ ನೂರಕ್ಕೆ ಹತ್ತು. ಅಷ್ಟೇ ಮಂದಿ, ಅಂದರೆ ನೂರಕ್ಕೆ ಹತ್ತಕ್ಕೆ ಕಡಿಮೆಯಿಲ್ಲದ ಮತದಾರರು, ಚರ್ಚಿಸಬೇಕಾದ ವಿಷಯವನ್ನೂ ಬರೆದು ಲಿಖಿತವಾಗಿ ಕೇಳಿಕೊಂಡರೆ ಹದಿನೈದು ದಿನಗಳೊಳಗೆ ವಿಶೇಷ ಸಭೆ ಕರೆಯಬೇಕು. ಎರಡು ಸಾಮಾನ್ಯ ಸಭೆಗಳ ನಡುವೆ ಇಂಥ ವಿಶೇಷ ಸಭೆಗೆ ಒಂದೇ ಅವಕಾಶ. ಸತತ ಎರಡು ಸಲ ಗ್ರಾಮಸಭೆ ಕರೆಯಲು ತಪ್ಪಿದ ಸದಸ್ಯರು ಸದಸ್ಯತ್ವವನ್ನೇ ಕಳೆದುಕೊಳ್ಳುವ ಸಂಭವವಿದೆ ಎಂಬುದು ಅವರಿಗೂ ಗೊತ್ತಿರುತ್ತದೆ. ಸಹಿಯ ಪುಸ್ತಕ ಮನೆಗೆ ಬರುವುದು ಅದಕ್ಕಾಗಿಯೇ.

ಆ ಪುಸ್ತಕಕ್ಕೆ ಸಹಿ ಹಾಕಬೇಡಿ ಎಂದು ನಾನು ಹೇಳಿದರೆ ನೆರೆಮನೆಯವರ ಮುಖ ನೋಡಿ ನೀವು ಹಾಕಿಯೇ ಹಾಕುತ್ತೀರಿ ಎಂಬುದನ್ನು ಬಲ್ಲೆ. ಆದರೂ ಒಂದು ಮಾತು. ನಿಮ್ಮ ಸಹಿಯ ಮೇಲಿನ ಪುಟಗಳು ಖಾಲಿಯಿವೆಯೇ, ಬರೆದಿದ್ದರೆ ಏನು ಬರೆದಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಸಭೆಗೆ ಹೋಗದವರು ಸಭೆಯ ತೀರ್ಮಾನಕ್ಕೆ ಹೊಣೆಗಾರರಾಗುವುದು ಆ ಒಂದು ಗೀಟಿನಿಂದ.

ನಗರಸಭೆಯ ವ್ಯಾಪ್ತಿಯಲ್ಲಿರುವ ಓದುಗರೂ ಇದನ್ನೇ ಕೇಳಿದ್ದಾರೆ. ಒಂದು ಲಕ್ಷಕ್ಕೆ ಮೀರದ ಜನಸಂಖ್ಯೆಯ ನಗರಸಭೆಗಳಲ್ಲಿ ಇದೇ ಬಗೆಯ ವಾರ್ಡುಸಭೆ ಇರುತ್ತದೆ.

ಪ್ರಶ್ನೆ: ಮಗಳ ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಆಯಿತು. ಮಗುವಿನ ಜನನ ಪ್ರಮಾಣಪತ್ರಕ್ಕೆ ಇಲ್ಲಿನ ಪಂಚಾಯತಿಗೆ ಹೋದರೆ ‘ಇಲ್ಲಿ ಆಗುವುದಿಲ್ಲ’ ಎಂದರು. ನಾವು ಕೇರಳದವರು, ಮಗುವೂ ಇಲ್ಲೇ ಬೆಳೆಯುವುದು. ಏನು ಮಾಡಬೇಕು?

ಉತ್ತರ: ಕಚೇರಿಯವರು ಹೇಳಿದ್ದು ಸರಿ, ಆದರೆ ಮುಂದೆ ಎಲ್ಲಿಗೆ ಹೋಗಬೇಕೆಂದೂ ಹೇಳಬೇಕಿತ್ತು. ಹುಟ್ಟು ಎಲ್ಲಿ ಆಯಿತೋ ಅಲ್ಲಿಯ ನೋಂದಣಾಧಿಕಾರಿಯೇ ಅದನ್ನು ದಾಖಲಿಸಬೇಕೆಂಬುದು 1969ರ ಜನನ ಮರಣ ನೋಂದಣಿ ಕಾಯಿದೆಯ ನಿಯಮ. ತಾಯಿತಂದೆಯ ಮನೆ ಯಾವ ರಾಜ್ಯದಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದು ಪ್ರಮಾಣಪತ್ರದ ವಿಳಾಸದ ಜಾಗದಲ್ಲಿ ಬರುತ್ತದೆ, ಅಷ್ಟೆ. ಆಸ್ಪತ್ರೆಯಲ್ಲಿ ಆದ ಹೆರಿಗೆಯ ಮಾಹಿತಿಯನ್ನು 21 ದಿನಗಳೊಳಗೆ ಕೊಡುವ ಹೊಣೆ ಆಸ್ಪತ್ರೆಯದೇ ಆಗಿರುವುದರಿಂದ ನಿಮ್ಮ ಮೊಮ್ಮಗುವಿನ ಜನನ ಕರ್ನಾಟಕದ ಇ-ಜನ್ಮ ವ್ಯವಸ್ಥೆಯಲ್ಲಿ ಈಗಾಗಲೇ ಸೇರಿರಬೇಕು. ಡಿಸ್ಚಾರ್ಜಿನ ಕಾಗದ ಹಿಡಿದು ಆಸ್ಪತ್ರೆಯಲ್ಲೇ ವಿಚಾರಿಸಿ. ಹೆಸರಿಡದೆ ನೋಂದಣಿಯಾಗಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆಯೂ, ಆಮೇಲೆ 15 ವರ್ಷಗಳವರೆಗೆ ಶುಲ್ಕ ತೆತ್ತೂ ಹೆಸರು ಸೇರಿಸಬಹುದು.

ಆ ಪ್ರಮಾಣಪತ್ರ ಕೇರಳದ ಶಾಲೆಯಲ್ಲೂ ನಡೆಯುತ್ತದೆ. 2023ರ ಅಕ್ಟೋಬರ್ 1ರಿಂದೀಚೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ತೊಡಗಿ ಹಲವು ವಿಷಯಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆಯಾಗಿ ಜನನ ಪ್ರಮಾಣಪತ್ರವನ್ನೇ ಕೇಳುವುದರಿಂದ ಅದರಲ್ಲಿ ತಪ್ಪು ನುಸುಳದಂತೆ ನೋಡಿಕೊಳ್ಳುವುದು ಅಗತ್ಯ. ನಮ್ಮ ಗಡಿಯ ತಪ್ಪು ಒಂದೇ ಬಗೆಯದು. ಮನೆಯಲ್ಲಿ ನಾರಾಯಣ, ಇಲ್ಲಿನ ಕಾರ್ಡಿನಲ್ಲಿ ನಾರಾಯಣನ್, ಮಂಗಳೂರಿನ ಆಸ್ಪತ್ರೆಯ ಫಾರ್ಮಿನಲ್ಲಿ ಮತ್ತೆ ನಾರಾಯಣ. ಹೆರಿಗೆ ಕೋಣೆಯ ಹೊರಗೆ ಅವಸರದಲ್ಲಿ ಫಾರ್ಮು ತುಂಬಿಸುವಾಗ ತಾಯಿತಂದೆಯರ ಆಧಾರ್ ಕಾರ್ಡನ್ನು ಎದುರಿಗಿಟ್ಟು, ಅದರಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನೇ ಒಂದೊಂದಾಗಿ ನೋಡಿ ಬರೆಯಿಸಿ. ಈ ಹೆಚ್ಚುವರಿ ‘ನ್’ ಮುಂದೆ ಪಾಸ್‌ಪೋರ್ಟಿನ ಹೊತ್ತಿಗೆ ಎಷ್ಟು ಅಲೆದಾಡಿಸುತ್ತದೆ ಎಂಬುದನ್ನು ಗಲ್ಫಿಗೆ ಹೋಗಿ ಬಂದವರನ್ನು ಕೇಳಿದರೆ ಹೇಳುತ್ತಾರೆ.

ಮರಣಕ್ಕೂ ಇದೇ ನಿಯಮ. ಆಂಬುಲೆನ್ಸಿನಲ್ಲೇ ಹೆರಿಗೆಯಾದರೆ ಏನೆಂದು ಇನ್ನೊಬ್ಬರು ಕೇಳಿದ್ದಾರೆ: ಓಡುವ ವಾಹನದಲ್ಲಾದ ಜನನವನ್ನು ವಾಹನ ಮೊದಲು ನಿಂತ ಸ್ಥಳದಲ್ಲಿ ನೋಂದಾಯಿಸಬೇಕು. ತಲಪಾಡಿಯ ಗಡಿಯಿಂದ ಆಚೆ ನಿಂತರೆ ಕರ್ನಾಟಕ, ಈಚೆ ನಿಂತರೆ ಕೇರಳ.

ಪ್ರಶ್ನೆ: ಪಂಚಾಯತಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟರೆ ‘ಮಲಯಾಳದಲ್ಲಿ ಬರೆದು ತನ್ನಿ’ ಎನ್ನುತ್ತಾರೆ. ನಮಗೆ ಬರುವ ನೋಟೀಸುಗಳೂ ಮಲಯಾಳದಲ್ಲೇ ಇರುತ್ತವೆ. ಕಾನೂನು ಏನು ಹೇಳುತ್ತದೆ?

ಉತ್ತರ: ರಾಜ್ಯದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿನೊಡನೆ, ಇಲಾಖೆಗಳ ಮುಖ್ಯಸ್ಥರೊಡನೆ ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿರಬೇಕು ಎಂಬ ವ್ಯವಸ್ಥೆ 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯಲ್ಲಿದೆ. ಪಂಚಾಯತು ಸರಕಾರಿ ಕಚೇರಿಯಲ್ಲ, ಸ್ಥಳೀಯಾಡಳಿತ ಸಂಸ್ಥೆ ಎಂದು ಜಾಣತನದಿಂದ ವಾದಿಸುವವರನ್ನು ನಾನು ನೋಡಿದ್ದೇನೆ. ಅವರಿಗೆ ಸಂವಿಧಾನದ 350ನೆಯ ವಿಧಿಯನ್ನು ತೋರಿಸಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿ ಅಥವಾ ಪ್ರಾಧಿಕಾರಕ್ಕೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಅದು ಹೇಳುತ್ತದೆ. ಮಂಜೇಶ್ವರದಲ್ಲಿ ಕನ್ನಡ ಬಳಕೆಯಲ್ಲಿಲ್ಲ ಎಂದು ಯಾರೂ ಹೇಳಲಾರರು. ಆದರೆ 350ನೆಯ ವಿಧಿ ಕೊಡುವುದು ಸಲ್ಲಿಸುವ ಹಕ್ಕನ್ನು ಮಾತ್ರ. ಉತ್ತರ ಕನ್ನಡದಲ್ಲೇ ಬರಬೇಕೆಂದು ಕೇಳಲು 1969ರ ಕಾಯಿದೆಯನ್ನೇ ಹಿಡಿಯಬೇಕು.

ಇನ್ನು ನಡೆಯುವ ವಿಷಯ. ಕನ್ನಡದಲ್ಲೇ ಬರೆಯಿರಿ, ‘ಉತ್ತರವನ್ನು ಕನ್ನಡದಲ್ಲಿ ದಯಪಾಲಿಸಬೇಕು’ ಎಂಬ ಸಾಲನ್ನು ಕೊನೆಯಲ್ಲಿ ಸೇರಿಸಿ, ಫ್ರಂಟ್ ಆಫೀಸಿನಲ್ಲಿ ಕೊಟ್ಟು ನಂಬ್ರ ಮತ್ತು ದಿನಾಂಕವಿರುವ ರಶೀದಿ ಪಡೆಯಿರಿ. ನಗರಸಭೆಗಳಿಗೆ 2024ರಲ್ಲಿ, ಪಂಚಾಯತುಗಳಿಗೆ 2025ರಲ್ಲಿ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಅರ್ಜಿ ಬಹುಪಾಲು, ಸರಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಸಿಕೊಡುವ ಅಕ್ಷಯ ಕೇಂದ್ರದ ಹುಡುಗನ ಬೆರಳಿನಿಂದ ಹೋಗುತ್ತದೆ. ನೀವು ಕನ್ನಡದಲ್ಲಿ ಹೇಳಿದ್ದನ್ನು ಅವನು ಎರಡು ಸಾಲಿನ ಮಲಯಾಳ ಮಾಡಿ ಒತ್ತಿಬಿಡುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಹಿಂದೆ ಸಾಲು ಉದ್ದವಿರುತ್ತದೆ. ನಿಮ್ಮ ಕೈಬರಹದ ಕನ್ನಡ ಅರ್ಜಿಯನ್ನು ಸ್ಕ್ಯಾನ್ ಮಾಡಿ ಜತೆಗೆ ಸೇರಿಸಲು ಹೇಳಿ. ಮುಂದೆ ತಕರಾರು ಬಂದರೆ ನೀವು ಏನು ಕೇಳಿದ್ದಿರಿ ಎಂಬುದಕ್ಕೆ ಸಾಕ್ಷಿ ಆ ಹಾಳೆ. ಗ್ರಾಮಸಭೆಯಲ್ಲೂ ಅಷ್ಟೆ. ನೀವು ತುಳುವಿನಲ್ಲೋ ಕನ್ನಡದಲ್ಲೋ ಆಡಿದ ಮಾತು ಪುಸ್ತಕದಲ್ಲಿ ಮಲಯಾಳವಾಗಿ ಇಳಿಯುವಾಗ ಅರ್ಧ ಸೋರಿಹೋಗಿರಬಹುದು. ಸಭೆ ಮುಗಿಯುವ ಮೊದಲು ಅದನ್ನು ಓದಿ ಅರ್ಥ ಹೇಳಿ ಎಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಪ್ರಶ್ನೆ: ಆಡಳಿತ ಸಮಿತಿಯಲ್ಲಿ ಮತ ಸಮಸಮವಾದರೆ ಏನಾಗುತ್ತದೆ? ಬಹುಮತದಿಂದ ಕಾನೂನಿಗೆ ಹೊಂದದ ನಿರ್ಣಯ ಮಾಡಿದರೆ ತಡೆಯುವವರು ಯಾರು?

ಉತ್ತರ: ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಈ ಸಭೆಗೆ ಸದಸ್ಯರ ಮೂರನೆಯ ಒಂದು ಭಾಗ ಕೋರಂ; 18 ಸದಸ್ಯರಿದ್ದರೆ ಆರು ಮಂದಿ ಸಾಕು. ಮತ ಸಮನಾದಾಗ ಅಧ್ಯಕ್ಷತೆ ವಹಿಸಿದವರಿಗೆ ಇನ್ನೊಂದು ಮತವಿದೆ. ಅಧ್ಯಕ್ಷರ ಆಯ್ಕೆಯಲ್ಲೇ ಸಮಸಮವಾದರೆ ಮಾತ್ರ ಚೀಟಿ ಎತ್ತುತ್ತಾರೆ. ನಿರ್ಣಯ ಕಾನೂನನ್ನು ಮೀರಿದೆ ಎಂದು ಕಾರ್ಯದರ್ಶಿಗೆ ಕಂಡರೆ ಅವರು ಮರುಪರಿಶೀಲನೆಗೆ ಲಿಖಿತವಾಗಿ ಹಿಂದಿರುಗಿಸಬೇಕು. ಸಮಿತಿ ಪಟ್ಟು ಬಿಡದಿದ್ದರೆ ವಿಷಯ ಸರಕಾರಕ್ಕೆ ಹೋಗುತ್ತದೆ, ಸರಕಾರಕ್ಕೆ ಅದನ್ನು ರದ್ದುಪಡಿಸುವ ಅಧಿಕಾರವಿದೆ. ದುರಾಡಳಿತದ ದೂರನ್ನು, ಅಂಥ ದೂರುಗಳ ವಿಚಾರಣೆಗೆಂದೇ ಇರುವ ಸ್ಥಳೀಯಾಡಳಿತ ಸಂಸ್ಥೆಗಳ ಓಂಬುಡ್ಸ್‌ಮನ್‌ಗೆ ನೀವೇ ಕೊಡಬಹುದು. ವಿರೋಧಿಸಿದ ಸದಸ್ಯರು ಹೊರಗೆ ಬಂದು ಪತ್ರಿಕೆಯವರಿಗೆ ಹೇಳುವುದಕ್ಕಿಂತ ತಮ್ಮ ಭಿನ್ನಮತವನ್ನು ಮಿನಿಟ್ಸಿನಲ್ಲಿ ಬರೆಯಿಸುವುದು ಮೇಲು. ಮುಂದೆ ಆಡಿಟ್ ಆಕ್ಷೇಪ ಬಂದಾಗ ಯಾರು ಒಪ್ಪಿದ್ದರು, ಯಾರು ಒಪ್ಪಿರಲಿಲ್ಲ ಎಂದು ಹುಡುಕುವುದು ಅಲ್ಲಿಯೇ.

ಪ್ರಶ್ನೆ: ನಮ್ಮದು ಚಿಕ್ಕ ಮನೆ. ತೆರಿಗೆ ಕಟ್ಟಬೇಕೆ?

ಉತ್ತರ: ನೀವೇ ವಾಸವಾಗಿರುವ, 60 ಚದರ ಮೀಟರಿಗೆ ಮೀರದ ಒಂದು ಮನೆಗೆ ಕಟ್ಟಡ ತೆರಿಗೆಯ ವಿನಾಯಿತಿ ಇದೆ. ಅದಕ್ಕೆ ಅರ್ಜಿ ಕೊಡಿ. ಹಿಂಬದಿಗೆ ಶೀಟು ಇಳಿಸಿ ಅಡುಗೆಮನೆ ಸೇರಿಸಿದ್ದರೆ ಅದನ್ನೂ ಅಳೆದು ಕೂಡಿಸಿಯೇ ಲೆಕ್ಕ ಹಾಕಿ, ಅಳತೆಗೆ ಬಂದವರು ಹೇಗೂ ಟೇಪು ಹಿಡಿಯುತ್ತಾರೆ.