ಹನ್ನೆರಡು ಕಥೆ ಬರೆದಿದ್ದೇನೆ. ದುಡ್ಡು ಕೊಟ್ಟು ಈಗಲೇ ಪುಸ್ತಕ ಮಾಡಿಸಲೇ?

ನಿಮ್ಮ ಊರು ಜಮಖಂಡಿ. ಹನ್ನೆರಡು ಕಥೆಗಳಲ್ಲಿ ಎರಡು ಭಾನುವಾರದ ಪುರವಣಿಯಲ್ಲಿ ಬಂದಿವೆ. ದುಡ್ಡು ಕೊಟ್ಟರೆ ತಾಲ್ಲೂಕು ಸಮ್ಮೇಳನದ ಹೊತ್ತಿಗೆ ಪುಸ್ತಕ ಕೈಗಿಡುತ್ತೇವೆ ಅಂತ ಒಬ್ಬ ಪ್ರಕಾಶಕರು ಹೇಳಿದ್ದಾರೆ. ಕೊಡಬಹುದಾ, ಕಥೆಗಾರ ಅನ್ನಿಸಿಕೊಳ್ಳೋಕೆ ಸಭೆ ಸಮಾರಂಭಗಳಲ್ಲಿ ಓಡಾಡಲೇಬೇಕಾ ಅಂತ ಕೇಳಿದ್ದೀರಿ.

ಕೊಡಬೇಡಿ. ಈಗಂತೂ ಬೇಡ.

ನಾನು ವಿಜಯಪುರದವನು. ಎರಡು ಕಥಾಸಂಕಲನ ಬಂದಿವೆ. ಮೊದಲನೆಯದು ಬಂದದ್ದು ತಡವಾಗಿಯೇ. ಅಷ್ಟರಲ್ಲಿ ಅದರ ಮುಕ್ಕಾಲು ಪಾಲು ಕಥೆಗಳು ಪತ್ರಿಕೆಗಳಲ್ಲಿ ಬಂದು, ಓದಿದವರು ಬೈದೂ ಹೊಗಳಿಯೂ ಆಗಿತ್ತು. ಅವಸರ ಮಾಡದೇ ಇದ್ದದ್ದಕ್ಕೆ ನನಗೆ ಲಾಭವೇ ಆಯಿತು. ಯಾಕೆಂದರೆ ಕನ್ನಡದಲ್ಲಿ ಹೊಸ ಕಥೆಗಾರರಿಗೆ ಇರುವ ಬಾಗಿಲುಗಳಲ್ಲಿ ಬಹಳಷ್ಟು ತೆರೆಯುವುದು ಮೊದಲ ಪುಸ್ತಕಕ್ಕೆ ಮಾತ್ರ. ಬೆಂಗಳೂರಿನ ಛಂದ ಪುಸ್ತಕದವರು ಹಸ್ತಪ್ರತಿಗೆ ಬಹುಮಾನ ಕೊಟ್ಟು ತಾವೇ ಅಚ್ಚು ಹಾಕಿಸುತ್ತಾರೆ. ಆದರೆ ಒಂದೂ ಕಥಾಸಂಕಲನ ಬಂದಿರಬಾರದು. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರಿಗೆ ಪ್ರೋತ್ಸಾಹಧನ ಇದೆ, ಅದೂ ಚೊಚ್ಚಲ ಕೃತಿಗೇ. ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿ ನಮ್ಮ ಹಲಸಂಗಿಯ ಕವಿ ಮಧುರಚೆನ್ನರ ಹೆಸರಿನ ದತ್ತಿ ಬಹುಮಾನ ಇದೆ. ಅದು ಲೇಖಕರ ಮೊದಲ ಸ್ವತಂತ್ರ ಕೃತಿಗೆ. ಸಮ್ಮೇಳನದ ವೇದಿಕೆಯಲ್ಲಿ ಐದು ನಿಮಿಷ ಬಿಡುಗಡೆ ಆಗಲಿ ಅಂತ ಹನ್ನೆರಡು ಕಥೆ ಒಟ್ಟುಗೂಡಿಸಿ ಅಚ್ಚು ಹಾಕಿಸಿದರೆ ಈ ಅವಕಾಶಗಳನ್ನು ಯಾರೂ ತಿಳಿಯದ ಒಂದು ಪುಸ್ತಕಕ್ಕೆ ಖರ್ಚು ಮಾಡಿದ ಹಾಗೆ ಆಗುತ್ತದೆ.

ಉಳಿದ ಹತ್ತು ಕಥೆಗಳನ್ನು ಮೊದಲು ಪತ್ರಿಕೆಗಳಿಗೆ ಕಳಿಸಿ. ಮಯೂರ, ಸುಧಾ, ತುಷಾರ, ತರಂಗ, ಕಸ್ತೂರಿ, ಯಾವುದಾದರೂ ಸರಿ. ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆಗೆ ನಿಮ್ಮ ಅತ್ಯುತ್ತಮ ಕಥೆ ಎತ್ತಿಡಿ. ಒಂದೇ ಕಥೆಯನ್ನು ಎರಡು ಕಡೆ ಕಳಿಸಬೇಡಿ. ಫೇಸ್‌ಬುಕ್‌ನಲ್ಲಿ ಹಾಕಿದ ಕಥೆಯನ್ನೂ ಸ್ಪರ್ಧೆಯವರು ಪ್ರಕಟವಾದದ್ದು ಅಂತಲೇ ಲೆಕ್ಕ ಹಿಡಿಯುವುದುಂಟು, ಆ ಆಸೆ ತಡೆದುಕೊಳ್ಳಿ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರೆ ಯೂನಿಕೋಡ್ ಫೈಲನ್ನೂ ಕೇಳಿ ಪಡೆಯಿರಿ, ಹಳೇ ‘ನುಡಿ’ ತಂತ್ರಾಂಶದ ಫೈಲು ಕೆಲವು ಕಡೆ ತೆರೆಯುವುದೇ ಇಲ್ಲ. ಆಮೇಲೆ ತಿಂಗಳುಗಟ್ಟಲೆ ಉತ್ತರ ಬರುವುದಿಲ್ಲ. ಅದಕ್ಕೆ ಮದ್ದಿಲ್ಲ, ಇನ್ನೊಂದು ಕಥೆ ಬರೆಯುತ್ತಿರಬೇಕು ಅಷ್ಟೇ. ಮಾತುಕತೆ ನಮ್ಮ ಕಡೆಯ ಭಾಷೆಯಲ್ಲಿದ್ದರೆ ಬೆಂಗಳೂರಿನವರಿಗೆ ತಿಳಿಯುತ್ತೋ ಇಲ್ಲವೋ ಅಂತ ತಿದ್ದೋಕೆ ಹೋಗಬೇಡಿ. ತಿಳಿಯುತ್ತೆ.

ಇನ್ನು ಸಭೆ ಸಮಾರಂಭ. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೇಳೋದಿದೆ. ಒಂದು ತಮಾಷೆ ನೋಡಿ. 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು ಮಾಸ್ತಿ. 1980ರಲ್ಲಿ ಅದೇ ಬೆಳಗಾವಿಯಲ್ಲಿ ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿ. 2000ದಲ್ಲಿ ನಿಮ್ಮ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ. ಮೂವರೂ ಕಥೆ ಬರೆದವರೇ. ಆದರೂ ಇವತ್ತಿಗೂ ಜಿಲ್ಲೆ, ತಾಲ್ಲೂಕಿನ ಆಮಂತ್ರಣ ಪತ್ರಿಕೆ ತೆಗೆದರೆ ಕವಿಗೋಷ್ಠಿಗೆ ಮೂವತ್ತು ಹೆಸರು, ಕಥೆಗೆ ಜಾಗವೇ ಇಲ್ಲ. ಕವಿತೆ ಮೂರು ನಿಮಿಷದಲ್ಲಿ ಮುಗಿಯುತ್ತದೆ. ಕಥೆಗೆ ಇಪ್ಪತ್ತು ನಿಮಿಷ ಬೇಕು, ಅಷ್ಟೊತ್ತಿಗೆ ಊಟದ ಪಂಗತಿ ಶುರುವಾಗಿರುತ್ತದೆ. ಹಾಗಾಗಿ ವೇದಿಕೆ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಕನ್ನಡ ಸಾಹಿತ್ಯ ಪರಿಷತ್ತಿನ ಸದಸ್ಯರಾಗಿ, ದತ್ತಿ ಉಪನ್ಯಾಸ ಇದ್ದಾಗ ಹೋಗಿ, ಹಿರಿಯರ ಮಾತು ಕೇಳಿ. ಅದು ಒಳ್ಳೆಯದೇ. ಆದರೆ ಶಾಲು, ಹಾರ, ಫೋಟೋದಿಂದ ಕಥೆ ಒಂದು ಸಾಲೂ ಸುಧಾರಿಸುವುದಿಲ್ಲ.

ಸುಧಾರಿಸುವುದು ಸಣ್ಣ ಗುಂಪಿನಲ್ಲಿ. ಹಲಸಂಗಿ ಗೆಳೆಯರು ಅಂದರೆ ಯಾರು ಹೇಳಿ? ಒಂದು ಹಳ್ಳಿಯ ಸುತ್ತಮುತ್ತ ಸೇರಿದ ಕೆಲವೇ ಜನ. ಅವರು ಕೂಡಿಸಿದ ಜನಪದ ಹಾಡುಗಳು 1931ರಲ್ಲಿ ‘ಗರತಿಯ ಹಾಡು’ ಆಗಿ ಬಂದವು. ನಮ್ಮದು ಅಷ್ಟು ದೊಡ್ಡ ಕೆಲಸವೇನಲ್ಲ. ನಾಲ್ಕೈದು ಜನ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಕಥೆಯ ಝೆರಾಕ್ಸ್ ಮೊದಲೇ ಎಲ್ಲರಿಗೂ ಹೋಗಿರುತ್ತದೆ. ಎಲ್ಲರೂ ಮಾತಾಡಿ ಮುಗಿಸುವವರೆಗೆ ಬರೆದವರು ಬಾಯಿ ತೆರೆಯುವ ಹಾಗಿಲ್ಲ. ಈ ಒಂದು ನಿಯಮ ಪಾಲಿಸುವುದು ಬಹಳ ಕಷ್ಟ, ಆದರೆ ಗುಂಪು ಉಳಿದಿರುವುದೇ ಅದರಿಂದ.

ಒಮ್ಮೆ ಗೆಳೆಯರೊಬ್ಬರು ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಕಳೆದುಕೊಂಡವನ ಕಥೆ ತಂದಿದ್ದರು. ಪರಿಹಾರದ ದುಡ್ಡು ಬರುತ್ತದೆ, ಆತ ಕುಡಿದು ಹಾಳು ಮಾಡುತ್ತಾನೆ, ಸಾಯುತ್ತಾನೆ. ಮುಳುಗಡೆಯಾದವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ ಬೆಳೆದ ಒಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ‘ದುಡ್ಡು ಹಂಗ ಒಮ್ಮೆಲೇ ಬರೂದಿಲ್ರೀ. ಮೊದಲು ಸ್ವಲ್ಪ ಕೊಡತಾರ. ಸಾಲಂಗಿಲ್ಲ ಅಂತ ಕೋರ್ಟಿಗೆ ಹೋಗಬೇಕು. ಅಲ್ಲಿ ವರ್ಷಗಟ್ಟಲೆ ಹೋಗತಾವ. ನಿಮ್ಮ ಕಥಿ ಆ ವರ್ಷದಾಗ ಐತಿ’ ಅಂದರು. ಹೊಸದಾಗಿ ಬರೆದಾಗ ಕುಡಿತವೂ ಹೋಯಿತು, ಸಾವೂ ಹೋಯಿತು. ವಕೀಲರ ಕಚೇರಿಯ ಬೆಂಚಿನ ಮೇಲೆ ಕಾಯುವ ಗಂಡ ಹೆಂಡತಿ ಉಳಿದರು. ಆ ಕಥೆ ಪ್ರಕಟವಾಯಿತು, ನನಗೆ ಈಗಲೂ ಅದರ ಬಗ್ಗೆ ಹೊಟ್ಟೆಕಿಚ್ಚಿದೆ. ಇಂಥ ಓದುಗರು ಬೇಕು ಅಂದರೆ ನೀವೂ ಅಂಥ ಓದುಗರಾಗಬೇಕು. ಬೇರೆಯವರ ಕಥೆಯನ್ನು ಎರಡು ಸಲ ಓದಿ, ಪೆನ್ಸಿಲ್ ಹಿಡಿದು ಗುರುತು ಹಾಕಿಕೊಂಡು ಹೋಗಬೇಕು. ಸಾಹಿತ್ಯ ವಲಯದಲ್ಲಿ ಓಡಾಡುವುದು ಅಂದರೆ ನನ್ನ ಮಟ್ಟಿಗೆ ಇದೇ.

ಸ್ವಂತ ದುಡ್ಡು ಹಾಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ವಚನಗಳಿಗಾಗಿ ಫ.ಗು. ಹಳಕಟ್ಟಿಯವರು ಮನೆ ಮಾರಿ ಇದೇ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಅದು ಅವರ ಸ್ವಂತ ಪ್ರೆಸ್ಸು. ನಿಮಗೆ ಬಂದಿರುವ ಮಾತು ಬೇರೆ. ಎಷ್ಟು ಪ್ರತಿ ಅಚ್ಚಾಗುತ್ತವೆ, ನಿಮಗೆಷ್ಟು ಕೊಡುತ್ತಾರೆ, ಹಕ್ಕು ಯಾರದು, ಗ್ರಂಥಾಲಯ ಇಲಾಖೆ ಖರೀದಿ ಮಾಡಿದರೆ ಆ ದುಡ್ಡು ಯಾರಿಗೆ, ಇವನ್ನೆಲ್ಲ ಬರೆದು ಕೊಡಿ ಅನ್ನಿ. ಐಎಸ್‌ಬಿಎನ್ ನಂಬರಿಗೆ ಬೇರೆ ಚಾರ್ಜು ಹಾಕಿದ್ದಾರಾ ಅಂತಲೂ ನೋಡಿ. ನಮ್ಮ ದೇಶದಲ್ಲಿ ಅದು ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ. ಅದಕ್ಕೂ ದುಡ್ಡು ಕೇಳಿದ್ದರೆ ಅಲ್ಲಿಗೇ ಮಾತು ಮುಗಿಸಿ.