ಕೌನ್ಸೆಲಿಂಗ್ ಜೊತೆ ಆರೋಮಾಥೆರಪಿ: ಊದುಬತ್ತಿ ವಾಸನೆಗೇ ಎದೆ ನಡುಗಿದರೆ ಏನು ಮಾಡಬೇಕು?

ಪ್ರಶ್ನೆ: ಮೇಡಂ, ನಾನು ಗಂಗಾವತಿಯವಳು. ವಯಸ್ಸು 36. ಹೋದ ವರ್ಷ ನಮ್ಮ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಅಂದಿನಿಂದ ನಿದ್ದೆ ಸರಿಯಿಲ್ಲ. ಯಾರ ಮನೆಯಲ್ಲಿ ಊದುಬತ್ತಿ ಹಚ್ಚಿದರೂ ಎದೆ ಢವಢವ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಎದ್ದು ಹೊರಗೆ ಬಂದುಬಿಡುತ್ತೇನೆ. ಎರಡು ತಿಂಗಳಿಂದ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದೇನೆ, ಸ್ವಲ್ಪ ಹಗುರ ಅನಿಸಿದೆ. ಈಗ ನಾದಿನಿ, ‘ಬಳ್ಳಾರಿಯಲ್ಲಿ ಆರೋಮಾಥೆರಪಿ ಮಾಡ್ತಾರೆ, ವಾಸನೆಯಿಂದಲೇ ಮನಸ್ಸಿನ ನೋವು ಹೋಗುತ್ತಂತೆ’ ಅನ್ನುತ್ತಿದ್ದಾಳೆ. ಎರಡೂ ಒಟ್ಟಿಗೆ ಮಾಡಬಹುದಾ? ದೀಪಾವಳಿಗೆ ಪೂಜೆ ಮಾಡೋಣ ಅಂತ ಮಕ್ಕಳು ಕೇಳಿದರೆ ಏನು ಹೇಳಲಿ?

ಉತ್ತರ: ಊದುಬತ್ತಿ ವಾಸನೆಗೆ ಹೆದರುವುದು ಹುಚ್ಚಲ್ಲ. ದೇವರ ಮೇಲಿನ ಭಕ್ತಿ ಕಡಿಮೆಯಾಗಿದೆ ಅಂತಲೂ ಅಲ್ಲ. ಆ ದಿನ ಮನೆಯಲ್ಲಿ ಕಟ್ಟುಗಟ್ಟಲೆ ಊದುಬತ್ತಿ ಉರಿದಿರುತ್ತದೆ, ಅಲ್ವಾ? ಆ ಹೊಗೆಯಲ್ಲೇ ಕೂತು ನೀವು ಅತ್ತಿದ್ದೀರಿ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮೊದಲು ಮೆದುಳಿನ ಥಲಾಮಸ್ ಎಂಬ ಭಾಗವನ್ನು ದಾಟಿ ಮುಂದೆ ಹೋಗುತ್ತದೆ. ವಾಸನೆ ಹಾಗಲ್ಲ. ಮೂಗಿನಿಂದ ಹೊರಟ ಸುದ್ದಿ ಬೇಗನೆ ಅಮಿಗ್ಡಲಾ, ಹಿಪೊಕ್ಯಾಂಪಸ್ ಎಂಬ ಭಾಗಗಳನ್ನು ಮುಟ್ಟುತ್ತದೆ. ಒಂದಕ್ಕೆ ಭಯದ ಜೊತೆ ನಂಟು, ಇನ್ನೊಂದಕ್ಕೆ ನೆನಪಿನ ಜೊತೆ. ಅದಕ್ಕೇ ‘ಇದು ಊದುಬತ್ತಿ’ ಅಂತ ನೀವು ಗುರುತಿಸುವ ಮೊದಲೇ ಎದೆ ಹೊಡೆದುಕೊಳ್ಳಲು ಶುರುವಾಗಿರುತ್ತದೆ.

ಇದೇ ದಾರಿಯನ್ನು ಒಳ್ಳೆಯದಕ್ಕೂ ಬಳಸಬಹುದು. ಆದ್ದರಿಂದ ಹೌದು, ಎರಡೂ ಒಟ್ಟಿಗೆ ಮಾಡಬಹುದು. ಆದರೆ ವಾಸನೆಯಿಂದಲೇ ನೋವು ಹೋಗುತ್ತದೆ ಅನ್ನುವುದು ಸರಿಯಲ್ಲ. ಲ್ಯಾವೆಂಡರ್‌ನಂಥ ಎಣ್ಣೆಗಳಿಂದ ಆ ಹೊತ್ತಿನ ಗಾಬರಿ ಸ್ವಲ್ಪ ಇಳಿಯುತ್ತದೆ ಅಂತ ಸಣ್ಣ ಅಧ್ಯಯನಗಳು ಹೇಳುತ್ತವೆ. ಗಂಡನನ್ನು ಕಳೆದುಕೊಂಡ ದುಃಖವನ್ನು ಮಾತಾಡಿ, ಅತ್ತು, ಹೊಸ ಬದುಕಿಗೆ ನಿಧಾನವಾಗಿ ಒಗ್ಗಿಕೊಳ್ಳುವ ಕೆಲಸ ಕೌನ್ಸೆಲಿಂಗ್‌ನಲ್ಲೇ ಆಗಬೇಕು.

ಆರೋಮಾಥೆರಪಿ ಕೇಂದ್ರಗಳ ಪಟ್ಟಿಯಲ್ಲಿ ‘ಶ್ರೀಗಂಧ ಮನಸ್ಸಿಗೆ ತಂಪು’ ಅಂತ ಬರೆದಿರುತ್ತದೆ. ಗಂಧದ ಊದುಬತ್ತಿಗೆ ಬೆವರುವ ನಿಮಗೆ ಆ ಎಣ್ಣೆಯನ್ನೇ ಮೂಗಿಗೆ ಹಿಡಿದರೆ ಏನಾಗಬಹುದು, ಯೋಚಿಸಿ. ಯಾವ ವಾಸನೆ ಯಾರಿಗೆ ಹಿತ ಅನ್ನುವುದನ್ನು ಅವರವರ ಬದುಕು ತೀರ್ಮಾನಿಸುತ್ತದೆ, ಪಟ್ಟಿ ಅಲ್ಲ. ಆ ದಿನಕ್ಕೆ ನಂಟಿಲ್ಲದ ಒಂದು ವಾಸನೆ ಆರಿಸಿಕೊಳ್ಳಿ. ನೀರಿನ ಗಡಿಗೆಗೆ ಹಾಕುವ ಲಾವಂಚ ಆಗಬಹುದು, ಮಜ್ಜಿಗೆ ಹುಲ್ಲು ಆಗಬಹುದು, ನಿಂಬೆ ಸಿಪ್ಪೆಯೂ ಸಾಕು. ದುಬಾರಿ ಬಾಟಲಿಯೇ ಬೇಕು ಅಂತಿಲ್ಲ.

ಹಡಗಲಿ ಮಲ್ಲಿಗೆ ನಮ್ಮ ಕಡೆ ಎಲ್ಲರಿಗೂ ಇಷ್ಟ. ಆದರೂ ನಿಮಗೆ ಹೇಳಲು ಹಿಂಜರಿಯುತ್ತೇನೆ. ಗಂಡ ಹೋದ ಮೇಲೆ ಹೂ ಮುಡಿಯುವುದನ್ನು ಬಿಡಿಸುವ ಪದ್ಧತಿ ಇನ್ನೂ ಇದೆ. ಹಾಗೆ ಆಗಿದ್ದರೆ ಆ ಪರಿಮಳ ಬೇರೆಯೇ ಒಂದು ಗಾಯ. ಅದನ್ನು ಕೌನ್ಸೆಲರ್ ಹತ್ತಿರ ಬಾಯಿಬಿಟ್ಟು ಹೇಳಿ. ನಿಮಗೆ ಹೂ ಮುಡಿಯುವ ಆಸೆ ಇದ್ದರೆ ಮುಡಿಯಿರಿ. ಯಾರ ಅಪ್ಪಣೆಯೂ ಬೇಕಿಲ್ಲ.

ಆರಿಸಿದ ವಾಸನೆಯನ್ನು ಗಾಬರಿಯಾದಾಗ ಮೊದಲ ಸಲ ಬಳಸಬೇಡಿ. ಮನಸ್ಸು ಸಮಾಧಾನವಾಗಿರುವ ಹೊತ್ತಿನಲ್ಲೇ ಶುರು ಮಾಡಿ. ದಿನಾ ಐದು ನಿಮಿಷ ಅದನ್ನು ಹತ್ತಿರ ಇಟ್ಟುಕೊಂಡು ಉಸಿರಾಡಿ. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದ ಇರಲಿ. ಹೀಗೆ ಒಂದೆರಡು ವಾರ ಮಾಡಿದರೆ ಆ ವಾಸನೆಗೂ ಸಮಾಧಾನಕ್ಕೂ ಗಂಟು ಬೀಳುತ್ತದೆ. ಆಮೇಲೆ ಕೌನ್ಸೆಲಿಂಗ್‌ನಲ್ಲಿ ಆ ದಿನದ ಮಾತು ಬಂದು ತಲೆ ಸುತ್ತಿದಂತಾದಾಗ ‘ನಾನು ಈಗ ಇಲ್ಲಿ ಕೂತಿದ್ದೇನೆ’ ಅಂತ ಮರಳಿ ಬರಲು ಅದು ನೆರವಾಗುತ್ತದೆ.

ಇನ್ನು ಊದುಬತ್ತಿಯ ವಿಷಯ. ಇಲ್ಲಿ ಹಲವರು ಎಡವುತ್ತಾರೆ. ಊದುಬತ್ತಿ ಕಂಡ ಕೂಡಲೇ ಲ್ಯಾವೆಂಡರ್ ಬಾಟಲಿ ಮೂಗಿಗೆ ಹಿಡಿದರೆ ಆ ಕ್ಷಣ ಹಾಯೆನಿಸುತ್ತದೆ. ಆದರೆ ಮೆದುಳು ಕಲಿಯುವ ಪಾಠ ಏನು? ‘ಬಾಟಲಿ ಇದ್ದದ್ದಕ್ಕೆ ಬದುಕಿದೆ’ ಅಂತ. ಭಯ ಹಾಗೇ ಉಳಿಯುತ್ತದೆ, ಮೇಲೆ ಬಾಟಲಿಯ ಅವಲಂಬನೆ ಬೇರೆ. ಎದ್ದು ಹೊರಗೆ ಬರುವುದರಿಂದಲೂ ಆಗುವುದು ಇದೇ. ಅದಕ್ಕೆ ಕೌನ್ಸೆಲರ್ ಜೊತೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮೊದಲು ಮುಚ್ಚಿದ ಪ್ಯಾಕೆಟ್ ಕೈಯಲ್ಲಿ ಹಿಡಿಯಿರಿ. ಆಮೇಲೆ ಹಚ್ಚದ ಒಂದು ಕಡ್ಡಿ. ಆಮೇಲೆ ಅಂಗಳದಲ್ಲಿ ಹಚ್ಚಿದ್ದು, ಕೊನೆಗೆ ಕೋಣೆಯಲ್ಲಿ. ಒಂದು ಮೆಟ್ಟಿಲಲ್ಲಿ ಎದೆಬಡಿತ ತಾನಾಗಿ ಇಳಿದ ಮೇಲೆ ಮುಂದಿನದು. ಈ ಅಭ್ಯಾಸದ ಹೊತ್ತಿನಲ್ಲಿ ಬೇರೆ ಯಾವ ಸುಗಂಧವೂ ಬೇಡ.

ಮಕ್ಕಳಿಗೆ ನಿಜ ಹೇಳಿ: ‘ಈ ವಾಸನೆಗೆ ಅಪ್ಪ ಹೋದ ದಿನ ನೆನಪಾಗುತ್ತೆ, ಅಮ್ಮ ಸ್ವಲ್ಪ ಸ್ವಲ್ಪವೇ ಸರಿಹೋಗ್ತಿದ್ದಾಳೆ’ ಅಂತ. ಈ ದೀಪಾವಳಿಗೆ ಬರೀ ಎಣ್ಣೆ ದೀಪ ಹಚ್ಚಿ ಪೂಜೆ ಮಾಡಿ. ಅವರಿಗೂ ಆ ವಾಸನೆ ಕಷ್ಟವಾಗುತ್ತಿರಬಹುದು. ಒಮ್ಮೆ ಕೇಳಿ ನೋಡಿ.

ಸುಗಂಧದ ಎಣ್ಣೆಯನ್ನೇ ಬಳಸುವುದಾದರೆ ನೇರವಾಗಿ ಮೈಗೆ ಹಚ್ಚಬೇಡಿ. 30 ಮಿ.ಲೀ. ಕೊಬ್ಬರಿ ಎಣ್ಣೆಗೆ 6 ಹನಿ ಸಾಕು. ನಮ್ಮ ಬಿಸಿಲಿಗೆ ಬಾಟಲಿ ಬೇಗ ಕೆಡುತ್ತದೆ. ಗಾಳಿ, ಬಿಸಿಗೆ ಹಳತಾದ ಲ್ಯಾವೆಂಡರ್ ಎಣ್ಣೆಯಿಂದ ಚರ್ಮಕ್ಕೆ ಅಲರ್ಜಿ ಬರಬಹುದು. ತಂಪಾದ, ಕತ್ತಲೆ ಜಾಗದಲ್ಲಿಡಿ. ಮನೆಯಲ್ಲಿ ದಮ್ಮು ಇರುವವರಿದ್ದರೆ ಡಿಫ್ಯೂಸರ್ (ಎಣ್ಣೆಯ ಪರಿಮಳವನ್ನು ಕೋಣೆಯಲ್ಲಿ ಹರಡುವ ಸಾಧನ) ಬೇಡ. ಫಿಟ್ಸ್ ಬರುವವರಿಗೆ ಕರ್ಪೂರ, ನೀಲಗಿರಿ ಎಣ್ಣೆ ಅಪಾಯ.

ಪ್ರಶ್ನೆ: ಸಿಂಧನೂರಿನಲ್ಲಿ ಪರೀಕ್ಷೆಗೆ ಓದುತ್ತಿದ್ದೇನೆ. ವಿಪರೀತ ಟೆನ್ಷನ್. ಲ್ಯಾವೆಂಡರ್ ಎಣ್ಣೆ ನೀರಿಗೆ ಹಾಕಿ ಕುಡಿದರೆ ಒಳ್ಳೆಯದು ಅಂತ ವಿಡಿಯೊದಲ್ಲಿ ನೋಡಿದೆ. ನಿಜವಾ?

ಉತ್ತರ: ಕುಡಿಯಬೇಡಿ. ಆತಂಕಕ್ಕೆ ಲ್ಯಾವೆಂಡರ್ ಎಣ್ಣೆಯ 80 ಮಿ.ಗ್ರಾಂ. ಕ್ಯಾಪ್ಸೂಲ್ ಕೊಟ್ಟು ಜರ್ಮನಿಯಲ್ಲಿ ಸಂಶೋಧನೆ ಆಗಿರುವುದು ನಿಜ. ಅದು ಅಳತೆ ಮಾಡಿ ಔಷಧಿಯಾಗಿ ತಯಾರಿಸಿದ್ದು. ಅಂಗಡಿಯ ಬಾಟಲಿ ಬೇರೆ. ಓದಲು ಕೂರುವ ಮೊದಲು ಕರವಸ್ತ್ರಕ್ಕೆ ಒಂದು ಹನಿ ಹಾಕಿಕೊಳ್ಳಿ, ಸಾಕು. ನಿದ್ದೆ, ಊಟ ಎರಡೂ ತಪ್ಪುವಷ್ಟು ಟೆನ್ಷನ್ ಇದ್ದರೆ ಕೌನ್ಸೆಲರ್‌ಗೆ ತೋರಿಸಿ.

ಪ್ರಶ್ನೆ: ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ (ಕೆಲವು ಕಾಲ ಅತಿ ಉತ್ಸಾಹ, ಕೆಲವು ಕಾಲ ತೀವ್ರ ಖಿನ್ನತೆ). ಲಿಥಿಯಂ ಮಾತ್ರೆ ನಡೆಯುತ್ತಿದೆ. ಒಂದು ಕೇಂದ್ರದವರು ‘ಮಾತ್ರೆ ಬಿಡಿಸಿ, ಎಣ್ಣೆ ಮಸಾಜ್, ಕೌನ್ಸೆಲಿಂಗ್ ಸಾಕು’ ಅಂದರು. ಬಿಡಿಸಬಹುದಾ? (ಬಳ್ಳಾರಿ)

ಉತ್ತರ: ದಯವಿಟ್ಟು ಬಿಡಿಸಬೇಡಿ. ಲಿಥಿಯಂ ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಜೋರಾಗಿ ಮರಳುವ ಸಾಧ್ಯತೆ ಜಾಸ್ತಿ. ಆತ್ಮಹತ್ಯೆಯ ಅಪಾಯವೂ ಏರುತ್ತದೆ. ಮಾತ್ರೆ ಬಿಡಿಸಿ ಅನ್ನುವ ಹಕ್ಕು ಅದನ್ನು ಬರೆದುಕೊಟ್ಟ ಮನೋವೈದ್ಯರಿಗೆ ಮಾತ್ರ. ಬೇರೆ ಯಾರು ಹಾಗೆ ಹೇಳಿದರೂ ಅಲ್ಲಿಂದ ಎದ್ದು ಬನ್ನಿ. ಮಾತ್ರೆಯ ಜೊತೆಗೆ ಕೌನ್ಸೆಲಿಂಗ್ ಖಂಡಿತ ಬೇಕು. ಮಸಾಜ್ ಅವನಿಗೆ ಹಿತ ಅನಿಸಿದರೆ ವೈದ್ಯರಿಗೆ ತಿಳಿಸಿ ಮಾಡಿಸಿ.

ಚಿಕಿತ್ಸೆಗೆ ದೂರ ಹೋಗಬೇಕಿಲ್ಲ. 1985ರಿಂದ 1990ರವರೆಗೆ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಿ ತೋರಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಜಿಲ್ಲಾ ಆಸ್ಪತ್ರೆಯಲ್ಲಿ ಆ ವಿಭಾಗ ವಿಚಾರಿಸಿ. ರಾತ್ರಿ ಹೊತ್ತಲ್ಲಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಬೇಸಿಗೆಯಲ್ಲಿ ಬೆವರಿ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಅಂಶ ಏರಬಹುದು. ತಮ್ಮ ನೀರು ಚೆನ್ನಾಗಿ ಕುಡಿಯಲಿ. ಊಟದಲ್ಲಿ ಉಪ್ಪನ್ನು ತಾನಾಗಿಯೇ ಕಡಿಮೆ ಮಾಡುವುದು ಬೇಡ. ಕೈ ನಡುಕ ಜಾಸ್ತಿಯಾದರೆ, ವಾಂತಿ ಭೇದಿ ಶುರುವಾದರೆ, ನಡೆಯುವಾಗ ತೂರಾಡಿದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆಯ ಚೀಟಿ ಜೊತೆಗಿರಲಿ.